ಬೆನ್ನಿಗೊಂದು ಹಲಗೆ

ತೆಳು ಲ್ಯಾಮಿನೇಟ್ ಹಾಳೆಗೆ ತೂತು ಕೊರೆಯುವಾಗ ಅಂಚಿನಲ್ಲಿ ಚಕ್ಕೆ ಎದ್ದರೆ ದೂರು ಹೋಗುವುದು ಡ್ರಿಲ್ ಬಿಟ್ಟಿನ ಮೇಲೆ: ಮೊಂಡಾಗಿದೆ, ಹೊಸದು ಬೇಕು. ಹರಿತವಾದ ಬಿಟ್ ಬೇಕು, ನಿಜ. ಆದರೆ ಹಾಳೆಯನ್ನು ಕೆಡಿಸುವ ದೊಡ್ಡ ಕಾರಣ ಅದರ ಬೆನ್ನಿಗೆ ಆಸರೆ ಇಲ್ಲದಿರುವುದು. ಯಾವ ಕಂಪನಿಯದಾದರೂ ನಮ್ಮ ಬಡಗಿಗಳು ಸನ್‌ಮೈಕಾ ಎಂದೇ ಕರೆಯುವ ಈ ಹಾಳೆಯ ಒಡಲಲ್ಲಿರುವುದು ಕಾಗದ. ಫೀನಾಲಿಕ್ ರಾಳದಲ್ಲಿ ನೆನೆಸಿದ ಕಂದು ಕಾಗದದ ಪದರಗಳ ಮೇಲೆ ಮೆಲಮೈನ್ ರಾಳದಲ್ಲಿ ಅದ್ದಿದ ಚಿತ್ತಾರದ ಕಾಗದವನ್ನಿಟ್ಟು, ಬಿಸಿ ಪ್ರೆಸ್ಸಿನಲ್ಲಿ ಭಾರೀ ಒತ್ತಡದಡಿ ಒಂದಾಗಿಸುತ್ತಾರೆ. ಮೆಲಮೈನ್ ಬಲು ಗಟ್ಟಿ, ಸುಲಭಕ್ಕೆ ಗೀರು ಬೀಳದು. ಅದುಮಿದರೆ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ. ಹಾಳೆ ಬಾಗಿದಾಗ ಉಬ್ಬಿದ ಬದಿಗೆ ಬೀಳುವುದು ಎಳೆತವೇ. ಆದ್ದರಿಂದ ಬಾಗದಂತೆ ತಡೆದರೆ ಅರ್ಧ ಕೆಲಸ ಆದಂತೆ.

ಇನ್ನು ಬಿಟ್ಟಿನ ಆಕಾರ. ಸಾಮಾನ್ಯ ಟ್ವಿಸ್ಟ್ ಡ್ರಿಲ್ಲಿನ ತುದಿಯ ಕೋನ 118 ಡಿಗ್ರಿ. 10 ಮಿಲಿಮೀಟರ್ ಬಿಟ್ಟಿನಲ್ಲಿ ಆ ಶಂಕುವಿನ ಎತ್ತರ ಸುಮಾರು 3 ಮಿಲಿಮೀಟರ್. ಹಾಳೆಯ ದಪ್ಪವೋ 1 ಮಿಲಿಮೀಟರ್. ಎಂದರೆ ಬಿಟ್ಟಿನ ಪೂರ್ತಿ ಅಗಲ ಹಾಳೆಯನ್ನು ಮುಟ್ಟುವ ಮೊದಲೇ ತುದಿ ಕೆಳಗೆ ಹೊರಬಿದ್ದಿರುತ್ತದೆ. ಆಮೇಲೆ ಬಿಟ್ಟನ್ನು ನಡುವಿಗೆ ಹಿಡಿದಿಡಲು ಏನೂ ಉಳಿಯುವುದಿಲ್ಲ. ಅದು ಅಲ್ಲಾಡುತ್ತಾ ಕೊರೆದ ತೂತು ಕೆಲವೊಮ್ಮೆ ಮೂರು ಮೂಲೆಯದಾಗುವುದು ಇದರಿಂದಲೇ. ತುದಿಯ ನಟ್ಟನಡುವೆ ಇರುವ ಮೊಂಡು ಅಂಚು ಕತ್ತರಿಸುವುದಕ್ಕಿಂತ ಹೆಚ್ಚಾಗಿ ತಳ್ಳುತ್ತದೆ, ಬಿಟ್ ಎಷ್ಟೇ ಹೊಸದಿರಲಿ. ಹೀಗೆ ತಳ್ಳುವಾಗ ಕೆಳಗಿನ ಪದರ ಎಷ್ಟು ತಾಳೀತು? ಪದರಪದರದ ಸಂಯುಕ್ತ ವಸ್ತುಗಳಿಗಾಗಿ 1990ರಲ್ಲಿ ಹೋಚೆಂಗ್ ಮತ್ತು ಧರಣ್ ಎಂಬ ಸಂಶೋಧಕರು ಮಂಡಿಸಿದ ಲೆಕ್ಕದ ಪ್ರಕಾರ, ಪದರ ಕಿತ್ತುಬರದಂತೆ ತಳ್ಳಬಹುದಾದ ಬಲವು ಇನ್ನೂ ಕೊರೆಯದೆ ಉಳಿದ ದಪ್ಪದ ಒಂದೂವರೆ ಘಾತಕ್ಕೆ ಅನುಗುಣವಾಗಿರುತ್ತದೆ. ಉಳಿದ ದಪ್ಪ ಕಾಲು ಭಾಗಕ್ಕೆ ಇಳಿದರೆ ತಾಳುವ ಬಲ ಎಂಟನೇ ಒಂದಕ್ಕೆ ಕುಸಿಯುತ್ತದೆ. ಕೈಯ ಒತ್ತು ಮಾತ್ರ ಹಾಗೆಯೇ ಇರುತ್ತದೆ. ಕೊನೆಯ ಗಳಿಗೆಯಲ್ಲೇ ಹಾಳೆ ಏಕೆ ಸಿಡಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

ವೇಗ ಹೆಚ್ಚಿಸಿದರೆ ಸಾಲದೇ ಎನ್ನುವವರಿದ್ದಾರೆ. ತಳ್ಳುವ ಬಲವನ್ನು ಮುಖ್ಯವಾಗಿ ನಿರ್ಧರಿಸುವುದು ಒಂದೊಂದು ಸುತ್ತಿಗೆ ಬಿಟ್ ಎಷ್ಟು ಕೆಳಗಿಳಿಯುತ್ತದೆ ಎಂಬುದು. ವೇಗ ಹೆಚ್ಚಿಸಿಯೂ ಮೆಲ್ಲಗೆ ಇಳಿಸಿದರೆ ಲಾಭವುಂಟು. ಅತಿಯಾದರೆ ಬಿಸಿಯೇರಿ ಅಂಚು ಸುಟ್ಟೀತು, ಏಕೆಂದರೆ ಈ ರಾಳಗಳು ಕರಗುವುದಿಲ್ಲ, ಕರಕಲಾಗುತ್ತವೆ. ಟೇಪ್ ಅಂಟಿಸುವ ಉಪಾಯವೂ ಪೂರ್ತಿ ಸುಳ್ಳಲ್ಲ, ಸಣ್ಣ ಚೂರುಗಳನ್ನು ಅದು ಹಿಡಿದಿಡಬಲ್ಲದು. ಆದರೆ ಹಾಳೆ ಬಾಗುವುದನ್ನು ತಡೆಯುವಷ್ಟು ಬಿಗುವು ಟೇಪಿಗೆಲ್ಲಿದೆ? ಮೊದಲು ಸಣ್ಣ ತೂತು ಮಾಡಿಕೊಳ್ಳುವ ಸಲಹೆಗೆ ಹೆಚ್ಚು ತೂಕವಿದೆ, ನಡುವಿನ ಮೊಂಡು ಅಂಚಿಗೆ ಅಲ್ಲಿ ಕೆಲಸವೇ ಇರುವುದಿಲ್ಲ. ಆದರೆ ಆಸರೆಯಿಲ್ಲದ ಹಾಳೆಯಲ್ಲಿ ಹೀಗೆ ಮಾಡಿದರೆ ದೊಡ್ಡ ಬಿಟ್ಟಿನ ಸುರುಳಿ ಅಂಚು ಸ್ಕ್ರೂವಿನಂತೆ ಕಚ್ಚಿ ಹಾಳೆಯನ್ನೇ ಮೇಲಕ್ಕೆಳೆಯುವ ಅಪಾಯವಿದೆ.

ಬೆನ್ನಿಗೆ ಆಸರೆ ಬೇಕೆಂಬುದನ್ನು ಎಲೆಕ್ಟ್ರಾನಿಕ್ಸ್ ಉದ್ಯಮ ಎಂದೋ ಕಂಡುಕೊಂಡಿದೆ. ಸರ್ಕ್ಯೂಟ್ ಬೋರ್ಡುಗಳಿಗೆ ರಂಧ್ರ ಕೊರೆಯುವಾಗ ಮೇಲೊಂದು ತೆಳು ಅಲ್ಯೂಮಿನಿಯಂ ಹಾಳೆ, ಕೆಳಗೊಂದು ಬಲಿಪಶುವಿನಂಥ ಹಲಗೆ ಇಡುವುದು ವಾಡಿಕೆ. ಹಿಂಬದಿಗೆ ಕೈ ಎಟುಕದ ಕಡೆ ಏನು ಗತಿ ಎಂಬ ಪ್ರಶ್ನೆ ನ್ಯಾಯವಾದದ್ದು. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್‌ನಂಥ ವಿಮಾನದ ಹೊರಮೈಯ ಬಹುಭಾಗ ಇಂಗಾಲದ ಎಳೆಗಳ ಸಂಯುಕ್ತ ವಸ್ತು. ಇಂಥ ಮೈಗೆ ಕೊರೆಯುವಾಗ ಎಲ್ಲೆಡೆಯೂ ಹಿಂದೆ ಹಲಗೆ ಒತ್ತಿ ಹಿಡಿಯಲಾಗದು. ಅಂಥ ಕಡೆ ವಿಶೇಷ ಆಕಾರದ ಬಿಟ್ಟುಗಳನ್ನು ಬಳಸಿ, ಹೊರಬೀಳುವ ಹೊತ್ತಿಗೆ ಇಳಿಕೆಯನ್ನು ನಿಧಾನಿಸಿ ಬಲ ತಗ್ಗಿಸುವುದೇ ದಾರಿ. ಆಸರೆ ಕೊಡಲಾಗದ್ದಕ್ಕೆ ತೆರುವ ಬೆಲೆ ಅದು.

ಮನೆಗೆಲಸಕ್ಕೆ ಅಷ್ಟು ಬೇಕಾಗಿಲ್ಲ. ಹಾಳೆಯನ್ನು ಎರಡು ಪ್ಲೈವುಡ್ ತುಂಡುಗಳ ನಡುವೆ ಕ್ಲ್ಯಾಂಪಿನಿಂದ ಬಿಗಿದು, ಗುರುತನ್ನು ಮೇಲಿನ ತುಂಡಿನ ಮೇಲೆ ಹಾಕಿ, ನಡುವೆ ಮೊನೆ ಹಾಗೂ ಅಂಚಿನಲ್ಲಿ ಗೀರುವ ಹಲ್ಲುಗಳಿರುವ ಮರದ ಬಿಟ್ಟಿನಿಂದ ಮೆಲ್ಲಗೆ ಕೊರೆಯಬೇಕು. ಬಿಟ್ಟಿಗೆ ಆಗ ಸಿಗುವುದು ದಪ್ಪ ಮರ. ಪ್ರತಿ ತೂತಿಗೂ ಕೆಳಗಿನ ತುಂಡನ್ನು ಸರಿಸಿ ಹೊಸ ಜಾಗ ಕೊಡಬೇಕು. ಹಳೆಯ ತೂತಿನ ಮೇಲೆ ಹಾಳೆಯನ್ನಿಟ್ಟರೆ ಅಲ್ಲಿ ಹಲಗೆ ಇದ್ದೂ ಇಲ್ಲದಂತೆ.