ಹೊಳೆಗೆ ಬಿಡುವ ಆಮೆಯೂ ಸರಕಾರದ ಕಾಯದೆಯೂ

ಕಳೆದ ಯುಗಾದಿಯ ಸುಮಾರಿಗೆ ನಮ್ಮ ಮನೆಯಲ್ಲಿ ಒಂದು ವ್ಯಾಜ್ಯವು ಹುಟ್ಟಿತು. ವಾಚಕರು ಇದನ್ನು ಹೊಲಮನೆಯ ವ್ಯಾಜ್ಯವೆಂದು ತಿಳಿಯಬಾರದು; ಅದು ಒಂದು ಆಮೆಯ ಕುರಿತಾದದ್ದು. ಮೂರು ವರ್ಷಗಳ ಹಿಂದೆ ನಮ್ಮ ಮೊಮ್ಮಗನು ಪೇಟೆಯಲ್ಲಿ ಬಣ್ಣದ ಮೀನು ಮಾರುವ ಅಂಗಡಿಯೊಂದರ ಮುಂದೆ ಹಠ ಹಿಡಿದು ಅದನ್ನು ಕೊಳ್ಳಿಸಿದ್ದನು. ಆಗ ಅದು ಹಳೆಯ ಬೆಳ್ಳಿಯ ರೂಪಾಯಿಯಷ್ಟಿತ್ತು. ಹಸಿರು ಬೆನ್ನು, ಕಣ್ಣಿನ ಹಿಂದೆ ಕುಂಕುಮದ ಗೀಟಿನಂಥ ಕೆಂಪು ಪಟ್ಟಿ. ಈಗ ಅದು ಅಂಗೈಯನ್ನು ಮೀರಿ ಬೆಳೆದಿದೆ. ಗಾಜಿನ ಪೆಟ್ಟಿಗೆಯು ಸಾಲದು. ನೀರು ಎರಡು ದಿನಕ್ಕೇ ನಾರುವದು. ಬೇಸತ್ತ ಸೊಸೆಯು, ಯಡೂರಿಗೆ ವೀರಭದ್ರ ದೇವರ ದರ್ಶನಕ್ಕೆ ಹೋದಾಗ ಅದನ್ನು ಕೃಷ್ಣೆಯಲ್ಲಿ ಬಿಟ್ಟು ಬರುವದೆಂದು ನಿಶ್ಚಯಿಸಿದಳು. “ಅದಕ್ಕೂ ಹೊಳಿ ಸಿಗ್ತದ, ನಮಗೂ ಪುಣ್ಯ ಬರ್ತದ, ಮಾವಾರ” ಎಂದಳು. ಜೀವದಯೆಯ ಮಾತಾದ್ದರಿಂದ ನಾವೂ ಒಪ್ಪಿ ತಲೆಯಾಡಿಸಿದೆವೆಂಬುದನ್ನು ಇಲ್ಲಿ ಮುಚ್ಚಿಡುವದು ಉಚಿತವಲ್ಲ.

ಅದೇ ಸಂಜೆ ನಮ್ಮ ಹಳೆಯ ವಿದ್ಯಾರ್ಥಿಯೂ ಈಗ ಚಿಕ್ಕೋಡಿಯಲ್ಲಿ ವಕೀಲಿ ಮಾಡುವವನೂ ಆದ ಗೃಹಸ್ಥನು ಬಂದನು. ಪೆಟ್ಟಿಗೆಯನ್ನು ಬಗ್ಗಿ ನೋಡಿ, “ಗುರುಗಳ, ಇದನ್ನ ಹೊಳಿಗೆ ಬಿಡಬ್ಯಾಡ್ರಿ, ಇದು ನಮ್ಮ ದೇಶದ್ದಲ್ಲ” ಎಂದನು. ಅಮರಕೋಶವು ಆಮೆಗೆ ಕೂರ್ಮ, ಕಮಠ, ಕಚ್ಛಪವೆಂಬ ಹೆಸರುಗಳನ್ನು ಕೊಟ್ಟಿದೆಯಲ್ಲದೆ ಸ್ವದೇಶಿ ವಿದೇಶಿಯೆಂಬ ಭೇದವನ್ನು ಹೇಳಿಲ್ಲವೆಂದು ನಾವು ವಿನೋದವಾಡಿದೆವು. ಆದರೆ ಅವನು ಹೇಳಿದ ಸಂಗತಿಗಳನ್ನು ಕೇಳಿದ ಮೇಲೆ ವಿನೋದವು ಉಳಿಯಲಿಲ್ಲ.

ಈ ಕೆಂಪುಗಿವಿಯ ಆಮೆಯ ತವರು ಅಮೇರಿಕೆಯ ಮಿಸಿಸಿಪಿ ನದಿಯ ಸೀಮೆ. ಮನೆಯಲ್ಲಿ ಸಾಕುವ ಚಟದ ಮೂಲಕ ಅದು ಭೂಮಂಡಲವನ್ನೆಲ್ಲ ಸುತ್ತಿದೆ. ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಕ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಸೊಪ್ಪು, ಮೀನು, ಕಪ್ಪೆಮರಿ, ಹುಳುಹುಪ್ಪಡಿ ಎಲ್ಲವನ್ನೂ ತಿನ್ನುವದು. ಬಿಸಿಲು ಕಾಯಿಸುವ ಬಂಡೆಗಳಿಂದ ಊರಿನ ಆಮೆಗಳನ್ನು ದೂಡುವದು. ಗುವಾಹಾಟಿಯ ಉಗ್ರತಾರಾ ದೇವಾಲಯದ ಕೊಳದಲ್ಲಿ ಕೂಡ ಅದು ಕಂಡುಬಂದಿದೆ. ಅಲ್ಲಿಗೂ ಯಾರೋ ಪುಣ್ಯಾರ್ಥಿಗಳೇ ಒಯ್ದಿರಬೇಕು! ನಮ್ಮ ದೇಶದ ಆಮೆಗಳನ್ನು ಮಾರುವದು ಅಪರಾಧವಾದ್ದರಿಂದಲೇ ಅಂಗಡಿಕಾರರು ಈ ಪರದೇಶದ ಆಮೆಯನ್ನು ಹಿಡಿದರೆಂಬುದು ಕಾಯದೆಯ ಒಂದು ವಿಚಿತ್ರ ಫಲ.

ನಮ್ಮ ಸೀಮೆಯ ಭೂಲಕ್ಷಣವನ್ನು ನೋಡಿರಿ. ನಿಪ್ಪಾಣಿಯ ಕಡೆಯ ವೇದಗಂಗಾ, ದೂಧಗಂಗಾ ನದಿಗಳ ನೀರು ಕೃಷ್ಣೆಗೇ ಸೇರುವದು. ಕೃಷ್ಣೆಯೋ ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿಯ ಹೊಲಗಳ ಮಗ್ಗುಲಲ್ಲಿಯೇ ಹರಿಯುವದು. 2005ರಲ್ಲಿಯೂ 2019ರಲ್ಲಿಯೂ ಮಹಾಪೂರ ಬಂದಾಗ ಹಳ್ಳವಾವುದು ಹೊಳೆಯಾವುದು ಎಂಬುದೇ ತಿಳಿಯಲಿಲ್ಲ. ಆದಕಾರಣ ಊರ ಬಾವಿ ಕೆರೆಗಳಲ್ಲಿ ಬಿಟ್ಟರೂ ಅದು ಇಂದಲ್ಲ ನಾಳೆ ಕೃಷ್ಣೆಗೆ ಹೋಗಬಹುದು. ದಕ್ಷಿಣದ ನದಿಗಳ ಲೀಥನ ಮೃದುಚಿಪ್ಪಿನ ಆಮೆಯು ಇದೇ ಕೃಷ್ಣೆಯ ನಿವಾಸಿ. ಅದು ನಿರ್ಮೂಲವಾಗುವ ಅಂಚಿಗೆ ಬಂದಿದೆಯೆಂದು ಪ್ರಾಣಿಶಾಸ್ತ್ರಜ್ಞರ ಗಣನೆ.

“ಹಾಗಾದರೆ ಕಾಯದೆ ಏನು ಮಾಡುತ್ತದೆ?” ಎಂದೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯದೆಗೆ 2022ರಲ್ಲಿ ತಿದ್ದುಪಡಿಯಾಗಿ, ಅದು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿತೆಂದೂ, ಅದರ 62-ಎ ಕಲಮಿನ ಪ್ರಕಾರ ಪರದೇಶದ ಆಕ್ರಮಕ ಜೀವಿಗಳ ಆಮದು, ವ್ಯಾಪಾರ, ಒಡೆತನ, ವೃದ್ಧಿಗಳನ್ನು ಕೇಂದ್ರ ಸರಕಾರವು ಪ್ರಕಟಣೆಯಿಂದ ನಿಷೇಧಿಸಬಹುದೆಂದೂ ವಕೀಲನು ವಿವರಿಸಿದನು. ನಾವು ಸುಮ್ಮನಾಗಲಿಲ್ಲ. ಕೌಟಲ್ಯನ ಅರ್ಥಶಾಸ್ತ್ರದಲ್ಲಿ ಸೂನಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ಅಭಯಕೊಟ್ಟ ಪ್ರಾಣಿಗಳನ್ನು ಕೊಂದವನಿಗೆ ದಂಡವಿದೆ. ಆದರೆ ದಂಡವು ಮನುಷ್ಯನಿಗೆ. ನೀರಿಗಿಳಿದ ಆಮೆಗೆ ನೋಟೀಸು ಜಾರಿಮಾಡುವ ಬೇಲೀಫನು ಎಲ್ಲಿದ್ದಾನೆ?

“ಮೊಸಳಿ ಉಳದಿದ್ದು ಕಾಯದೆಯಿಂದ ಅಲ್ಲೇನ್ರಿ?” ಎಂದು ಅವನು ತಿರುಗಿ ಕೇಳಿದನು. ಈ ಮಾತಿಗೆ ನಾವು ಸೋತೆವು, ಪೂರ್ಣವಾಗಿ ಅಲ್ಲ. ಕೃಷ್ಣೆಯ ಮೊಸಳೆಯನ್ನು ಕೊಲ್ಲಬಾರದೆಂದು ಕಾಯದೆಯಿದೆ. 1975ರಿಂದ ದೇಶದಲ್ಲಿ ಮೊಸಳೆಗಳ ರಕ್ಷಣೆಯ ಯೋಜನೆಯೂ ನಡೆಯಿತು. ಮಹಾಪೂರದಲ್ಲಿ ಕಬ್ಬಿನ ಗದ್ದೆಗೆ ಬಂದರೂ ರೈತನು ಅರಣ್ಯದವರಿಗೆ ಹೇಳಿಕಳಿಸುವನೇ ಹೊರತು ಕೊಡಲಿ ಎತ್ತಲಾರನು. ಅಲ್ಲಿ ಕಾಯದೆಯು ಮನುಷ್ಯನ ಕೈಯನ್ನು ತಡೆದರೆ ಸಾಕು, ಉಳಿದದ್ದನ್ನು ಮೊಸಳೆಯೇ ಮಾಡಿಕೊಳ್ಳುವದು. ಹಬ್ಬಿದ ಜೀವಿಯನ್ನು ಅಳಿಸಬೇಕಾದಾಗ ಕೈ ತಡೆದರೆ ಸಾಲದು. ಕೈಗಳು ದುಡಿಯಬೇಕು, ವರ್ಷಗಟ್ಟಲೆ.

ಗುವಾಮ್ ದ್ವೀಪದ ಕತೆ ಅಂಥದು. ಎರಡನೆಯ ಮಹಾಯುದ್ಧದ ನಂತರ ಹಡಗಿನ ಸರಂಜಾಮಿನೊಡನೆ ಹೋಯಿತೆನ್ನಲಾದ ಕಂದುಬಣ್ಣದ ಮರಹಾವು ಅಲ್ಲಿಯ ಕಾಡುಹಕ್ಕಿಗಳನ್ನು ಬಹುಮಟ್ಟಿಗೆ ನುಂಗಿಬಿಟ್ಟಿತು. ಕಡೆಗೆ ಸತ್ತ ಇಲಿಗಳಲ್ಲಿ, ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲನ್ನೇ ಇಟ್ಟು ಹೆಲಿಕಾಪ್ಟರಿನಿಂದ ಕಾಡಿನ ಮೇಲೆ ಉದುರಿಸಬೇಕಾಯಿತು. ಹಾವಿಗೆ ಅದು ವಿಷ. ಫ್ಲಾರಿಡಾ ಪ್ರಾಂತದಲ್ಲಿ ಬರ್ಮಾದ ಹೆಬ್ಬಾವು ಹಬ್ಬಿದೆ. ಅದರ ಆಮದನ್ನು ನಿರ್ಬಂಧಿಸಿದ್ದು 2012ರಲ್ಲಿ, ಜವುಗುಕಾಡು ಅದರ ವಶವಾದ ಮೇಲೆ. ಅದೇ ಹೆಬ್ಬಾವಿಗೆ ನಮ್ಮ ಈಶಾನ್ಯ ಭಾಗದಲ್ಲಿ ಕಾಯದೆಯ ರಕ್ಷಣೆ!

ಜಪಾನಿನ ಉಪಾಯವು ನಮಗೆ ಮೆಚ್ಚಿಗೆಯಾಯಿತು. ಅಲ್ಲಿ 2023ರ ಜೂನ್ 1ರಿಂದ ಈ ಕೆಂಪುಗಿವಿಯ ಆಮೆಯನ್ನು ಮಾರಕೂಡದು, ಹೊರಗೆ ಬಿಡಕೂಡದು. ಮನೆಯಲ್ಲಿ ಸಾಕುವವರು ಇಟ್ಟುಕೊಳ್ಳಬಹುದು. ಸಾಕುವದನ್ನೂ ಒಮ್ಮೆಲೆ ನಿಷೇಧಿಸಿದ್ದರೆ ಹೆದರಿದ ಜನರು ರಾತ್ರೋರಾತ್ರಿ ಆಮೆಗಳನ್ನು ಕೆರೆಗೆ ಸುರಿಯುತ್ತಿದ್ದರು. ಯುರೋಪಿನವರು 1997ರಲ್ಲಿಯೇ ಇದರ ಆಮದನ್ನು ನಿಲ್ಲಿಸಿದರು. ಆಗ ವ್ಯಾಪಾರಿಗಳು ಅದರ ದಾಯಾದಿ ಜಾತಿಗಳನ್ನು ತಂದು ಮಾರಿದರು. ಹೆಸರಿಗೆ ಕಟ್ಟಿದ ಬೇಲಿಯನ್ನು ಹೆಸರು ಬದಲಿಸಿ ದಾಟುವದು ವ್ಯಾಪಾರದ ಹಳೆಯ ವಿದ್ಯೆ.

ಆದ್ದರಿಂದ ವಕೀಲನ ಪಕ್ಷವು ಅಂಗಡಿಯ ಬಾಗಿಲವರೆಗೆ ಸರಿ, ನಮ್ಮ ಪಕ್ಷವು ಹೊಳೆಯ ದಂಡೆಯಿಂದ ಮುಂದೆ ಸರಿ ಎಂದು ಚಹದ ಹೊತ್ತಿಗೆ ರಾಜಿಯಾಯಿತು. ನಡುವಿನ ದಾರಿಯಲ್ಲಿ ನಮ್ಮಂಥ ಗೃಹಸ್ಥರ ಮನೆಗಳಿವೆ. ಸೊಸೆಗೆ ತಿಳಿಹೇಳುವದೇ ಕಠಿಣವಾಯಿತು. ಹೊಳೆಗೆ ಬಿಡುವದು ಪಾಪವೆಂದರೆ ಯಾರು ನಂಬುವರು? “ಅದು ತಿನ್ನೋ ಮೀನಿಗೂ ಜೀವ ಅದ ಅಲ್ಲೇನವ್ವಾ?” ಎಂದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಇನ್ನ ಮ್ಯಾಲೆ ನೀರು ನೀವ ಬದಲಿಸ್ರಿ” ಎಂದಳು.

ಹಿತ್ತಲಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿಸಿ, ಅದು ಏರಿ ಹೋಗದಂತೆ ಮೇಲೆ ತಂತಿಯ ಜಾಳಿಗೆ ಹಾಕಿಸಿದ್ದೇವೆ. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕೆಂದು ಮೊಮ್ಮಗನಿಗೆ ಕಟ್ಟಪ್ಪಣೆ. ಸಾಲ್ಮೊನೆಲ್ಲಾ ಎಂಬ ರೋಗಾಣುವಿನ ಭಯದಿಂದ ಅಮೇರಿಕೆಯವರು 1975ರಲ್ಲಿಯೇ ಚಿಕ್ಕ ಆಮೆಗಳ ಮಾರಾಟವನ್ನು ನಿಲ್ಲಿಸಿದ್ದರು. ಈ ಜಾತಿಯು ಮೂವತ್ತು ವರ್ಷ ಬದುಕಬಲ್ಲದಂತೆ. ನಮಗೆ ಈಗ ಅರವತ್ತು. ಮುಂದೆ ನೀರು ಬದಲಿಸುವವರು ಯಾರೆಂಬ ವ್ಯಾಜ್ಯವು ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.