ಹದಿನೇಳೂವರೆ ಕೋಟಿಯ ಲೆಕ್ಕ

ಒಂದು ತಂಡವು ಇನ್ನೊಂದರಿಂದ ಆಟಗಾರನನ್ನು ಪಡೆದುಕೊಂಡಾಗ, ಆ ವ್ಯವಹಾರ ಲಾಭದ್ದೋ ನಷ್ಟದ್ದೋ ಎಂಬ ಚರ್ಚೆ ತಾನಾಗಿಯೇ ಹುಟ್ಟುತ್ತದೆ. ವಾಡಿ ಜಂಕ್ಷನ್ನಿನಲ್ಲಿ ರೈಲು ಕಾಯುವವರೂ ಚಿಂಚೋಳಿಯ ಬಸ್ಸಿನಲ್ಲಿ ನಿಂತುಕೊಂಡೇ ಬರುವ ನಮ್ಮ ಸಹಪಾಠಿಗಳೂ ಈ ವಿಷಯದಲ್ಲಿ ನ್ಯಾಯಾಧೀಶರೇ ಸರಿ. ಆದರೆ ಅವರ ತೀರ್ಪು ಬಹುಮಟ್ಟಿಗೆ ಒಂದೇ ಆಧಾರದ ಮೇಲೆ ನಿಂತಿರುತ್ತದೆ: ಆತ ಎಷ್ಟು ರನ್ ಹೊಡೆದ, ಎಷ್ಟು ವಿಕೆಟ್ ಕಿತ್ತ? ಇಷ್ಟರಿಂದಲೇ ಬೆಲೆ ಕಟ್ಟಲು ಸಾಧ್ಯವೆ ಎಂಬುದನ್ನು ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡದ ಒಂದು ಉದಾಹರಣೆಯಿಂದ ನೋಡೋಣ.

ಆಸ್ಟ್ರೇಲಿಯಾದ ಕ್ಯಾಮರಾನ್ ಗ್ರೀನ್ ಬ್ಯಾಟನ್ನೂ ಚೆಂಡನ್ನೂ ಸಮನಾಗಿ ಬಲ್ಲ ಆಟಗಾರ. 2022ರ ಡಿಸೆಂಬರ್ ಹರಾಜಿನಲ್ಲಿ ಮುಂಬಯಿ ತಂಡ ಅವರನ್ನು 17.5 ಕೋಟಿ ರೂಪಾಯಿಗೆ ಕೊಂಡಿತು. 2023ರಲ್ಲಿ ಅವರು 452 ರನ್ ಗಳಿಸಿದರು; ಹೈದರಾಬಾದಿನ ಎದುರು ಶತಕವನ್ನೂ ಬಾರಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರು ಅಷ್ಟೇ ಹಣಕ್ಕೆ ಅವರನ್ನು ತನ್ನದಾಗಿಸಿಕೊಂಡಿತು. 2024ರಲ್ಲಿ ಬೆಂಗಳೂರಿನ ಪರವಾಗಿ ಅವರು ಮಾಡಿದ್ದು 13 ಪಂದ್ಯಗಳಲ್ಲಿ 255 ರನ್, 10 ವಿಕೆಟ್. ಇಷ್ಟನ್ನು ಕೇಳಿದ ಕೂಡಲೇ ‘ದುಡ್ಡು ದಂಡ’ ಎಂದು ಎದ್ದು ಹೋಗುವವರೇ ಹೆಚ್ಚು.

ಸ್ವಲ್ಪ ತಾಳಬೇಕು. ನಮ್ಮ ಕಡೆ ರೈತನೊಬ್ಬ ಜಾತ್ರೆಯಲ್ಲಿ ದುಬಾರಿ ಎತ್ತನ್ನು ತಂದರೆ, ಅದು ಎಷ್ಟು ಎಕರೆ ಉತ್ತಿತೆಂದು ಮಾತ್ರ ಊರವರು ಕೇಳುವುದಿಲ್ಲ; ಅದನ್ನು ಕೊಳ್ಳಲು ಮನೆಯ ಯಾವ ಹಸುವನ್ನು ಮಾರಿದನೆಂದೂ ಕೇಳುತ್ತಾರೆ. 2024ಕ್ಕೆ ಪ್ರತಿ ತಂಡಕ್ಕೂ ಇದ್ದ ಹಣದ ಮಿತಿ 100 ಕೋಟಿ. ಅದರಲ್ಲಿ ಆರನೆಯ ಒಂದು ಪಾಲಿಗೂ ಮಿಕ್ಕು ಒಬ್ಬನಿಗೇ ಹೋದರೆ ಉಳಿದ ಕಡೆ ಕೈ ಬಿಗಿ ಹಿಡಿಯಲೇಬೇಕು. ಗ್ರೀನ್ ಬಂದ ದಿನಗಳಲ್ಲೇ ಹರ್ಷಲ್ ಪಟೇಲ್, ಹಸರಂಗ, ಹೇಜಲ್‌ವುಡ್ ಈ ಮೂವರು ಬೌಲರುಗಳನ್ನು ತಂಡ ಕೈಬಿಟ್ಟಿತು. ಮುಂದಿನ ಏಪ್ರಿಲ್ 15ರಂದು ಚಿನ್ನಸ್ವಾಮಿ ಮೈದಾನದಲ್ಲಿ ಹೈದರಾಬಾದ್ ತಂಡ 3 ವಿಕೆಟ್ಟಿಗೆ 287 ರನ್ ಚಚ್ಚಿತು. ಮನೆಯಲ್ಲಿ ಕೊರತೆಯಿದ್ದುದು ಬೌಲಿಂಗಿನದು. ತಂದದ್ದು ಮುಖ್ಯವಾಗಿ ಬ್ಯಾಟಿಂಗನ್ನು.

ಇದರಲ್ಲಿ ಹರ್ಷಲರ ಕಥೆ ವಿಶೇಷವಾದುದು. ಅವರನ್ನು ಬೆಂಗಳೂರು ಡೆಲ್ಲಿಯಿಂದ 2021ರ ಜನವರಿಯಲ್ಲಿ ಪಡೆದದ್ದೂ ಇಂಥದೇ ವ್ಯವಹಾರದಿಂದ. ಅವರ ಬೆಲೆ ಆಗ 20 ಲಕ್ಷ! ಆ ವರ್ಷ ಅವರು 32 ವಿಕೆಟ್ ಪಡೆದು, ಒಂದು ಋತುವಿನಲ್ಲಿ ಅತಿ ಹೆಚ್ಚು ವಿಕೆಟ್ ಪಡೆದ ಬ್ರಾವೊ ಅವರ ದಾಖಲೆಯನ್ನು ಸರಿಗಟ್ಟಿದರು. ಮರುವರ್ಷ ಅದೇ ಆಟಗಾರನನ್ನು ಅದೇ ತಂಡ 10.75 ಕೋಟಿ ತೆತ್ತು ಹರಾಜಿನಲ್ಲಿ ಕೊಳ್ಳಬೇಕಾಯಿತು. ಕೈಬಿಟ್ಟ ಬಳಿಕ 2024ರಲ್ಲಿ ಅವರು ಪಂಜಾಬಿನ ಪರ 24 ವಿಕೆಟ್ ಪಡೆದು ಮತ್ತೆ ಎಲ್ಲರಿಗಿಂತ ಮುಂದೆ ನಿಂತರು. ಶಹಾಬಾದಿನ ಫರಸಿ ಕಲ್ಲನ್ನು ಅಳತೆಯ ಮೇಲೆ ಮಾರುತ್ತಾರೆ. ಹಾಸಿದ ಜಾಗಕ್ಕೆ ಅದು ಕೂಡಿತೋ ಇಲ್ಲವೋ ಎಂಬುದು ಆ ಬೆಲೆಯಲ್ಲಿ ಬರುವುದಿಲ್ಲವಷ್ಟೆ.

ಅವಧಿಯ ಪ್ರಶ್ನೆಯೂ ಉಂಟು. ಆಸ್ಟ್ರೇಲಿಯಾದಲ್ಲಿ ಅಂಡಾಕಾರದ ಚೆಂಡಿನಿಂದ, ಕಡೆಗೆ ಹದಿನೆಂಟು ಜನರಂತೆ ಆಡುವ ಫುಟ್‌ಬಾಲ್ ಒಂದಿದೆ. ಅಲ್ಲಿ ಮಧ್ಯದ ಸಾಲಿನ ಒಳ್ಳೆಯ ಆಟಗಾರನನ್ನು ಪಡೆಯಬೇಕಾದರೆ, ಹೊಸ ಹುಡುಗರನ್ನು ಆರಿಸಿಕೊಳ್ಳುವ ತನ್ನ ಸರದಿಯನ್ನು ಸಂಘವು ಸಾಮಾನ್ಯವಾಗಿ ಬಿಟ್ಟುಕೊಡುತ್ತದೆ. ಆ ಸರದಿಯಿಂದ ಎದುರಿನವರಿಗೆ ಸಿಕ್ಕ ಹುಡುಗ ಬೆಳೆದು ನಿಲ್ಲುವವರೆಗೆ ಯಾರು ಗೆದ್ದರೆಂದು ಹೇಳಲಾಗದು. ನಮ್ಮಲ್ಲಿ ಹಾಗಲ್ಲ. 2024 ಮುಗಿದೊಡನೆ ದೊಡ್ಡ ಹರಾಜು ಬರುವುದಿತ್ತು, ಉಳಿಸಿಕೊಳ್ಳಬಹುದಾದವರು ಕೆಲವರೇ. ಗ್ರೀನ್‌ಗೆ ತೆತ್ತದ್ದು ಬಹುತೇಕ ಒಂದು ವರ್ಷದ ಬಾಡಿಗೆಯೇ ಆಗಬಹುದೆಂಬುದು ಕೊಳ್ಳುವಾಗಲೇ ಗೊತ್ತಿದ್ದ ಸಂಗತಿ. ಹಾಗೆಯೇ ಆಯಿತು, ಬೆಂಗಳೂರು ಉಳಿಸಿಕೊಂಡದ್ದು ಕೊಹ್ಲಿ, ಪಾಟಿದಾರ್, ಯಶ್ ದಯಾಳ್ ಮೂವರನ್ನು. ಮಾರಿದ ಮುಂಬಯಿಗೆ ಲಾಭವಾಯಿತೆ ಎಂದರೆ, ಅದೂ ಇಲ್ಲ. ಗ್ರೀನ್‌ರನ್ನು ಬಿಟ್ಟ ಹಣ ಹಾರ್ದಿಕ್ ಪಾಂಡ್ಯರನ್ನು ತರಲು ಒದಗಿತು. ಆ ತಂಡ 2024ರಲ್ಲಿ ಹತ್ತನೆಯ, ಅಂದರೆ ಕೊನೆಯ ಸ್ಥಾನಕ್ಕೆ ಇಳಿಯಿತು.

ಆದ್ದರಿಂದ ವ್ಯವಹಾರ ತಪ್ಪಾಯಿತೆಂದೇ ನನ್ನ ಅಭಿಪ್ರಾಯ. ಆದರೆ ಆಟಗಾರನನ್ನು ಹಳಿಯುವುದು ಅನ್ಯಾಯ. ತನ್ನ ಬೆಲೆಯನ್ನು ಆತ ತಾನೇ ಬರೆದುಕೊಂಡಿರಲಿಲ್ಲ. ಮೊದಲ 8 ಪಂದ್ಯಗಳಲ್ಲಿ 7ನ್ನು ಸೋತಿದ್ದ ಬೆಂಗಳೂರು ಮತ್ತೆ ಗೆಲುವು ಕಂಡದ್ದು ಏಪ್ರಿಲ್ 25ರಂದು, ಹೈದರಾಬಾದಿನ ಎದುರು. ಅಂದು ಗ್ರೀನ್ 20 ಚೆಂಡುಗಳಲ್ಲಿ ಔಟಾಗದೆ 37 ರನ್ ಮಾಡಿ, 2 ವಿಕೆಟ್ಟನ್ನೂ ಪಡೆದರು. ಅಲ್ಲಿಂದ ಸತತ ಆರು ಗೆಲುವು. ಆರನೆಯದು ಮೇ 18ರಂದು, ಚೆನ್ನೈ ವಿರುದ್ಧ. ಅಂದು ಬರಿಯ ಗೆಲುವು ಸಾಲದು, 18 ರನ್ನಿನ ಅಂತರವಾದರೂ ಬೇಕಿತ್ತು. ಬೆಂಗಳೂರು 218 ಮಾಡಿತು. ಗ್ರೀನ್ ಕೊನೆಯಲ್ಲಿ 17 ಚೆಂಡುಗಳಿಂದ 38 ಬಾರಿಸಿ ಔಟಾಗದೆ ಉಳಿದಿದ್ದರು. 201 ಮುಟ್ಟಿದರೆ ಸೋತರೂ ಮುಂದಿನ ಹಂತಕ್ಕೆ ಹೋಗುತ್ತಿದ್ದ ಚೆನ್ನೈ 191ಕ್ಕೆ ನಿಂತಿತು.

ಗ್ರೀನ್ ಪರವಾಗಿ ವಾದಿಸುವ ಮಿತ್ರರು 255ರ ಮೊತ್ತವನ್ನು ಬಿಟ್ಟು ಆ 17 ಚೆಂಡುಗಳನ್ನು ಹಿಡಿದುಕೊಳ್ಳಲಿ. ಅಲ್ಲಿ ಅವರಿಗೆ ಗಟ್ಟಿ ನೆಲವಿದೆ. ನಾಲ್ಕು ದಿನಗಳ ನಂತರ ಅಹಮದಾಬಾದಿನಲ್ಲಿ ರಾಜಸ್ಥಾನ ತಂಡ ಬೆಂಗಳೂರನ್ನು ಮನೆಗೆ ಕಳುಹಿಸಿತೆಂಬುದನ್ನು ಮಾತ್ರ ನಾನು ಆಗ ನೆನಪಿಸಬೇಕಾದೀತು.