ಕಾನೂನು ಪದವಿ ಪ್ರವೇಶದಲ್ಲಿ ಪಠ್ಯೇತರ ಚಟುವಟಿಕೆ ಮತ್ತು ಉದ್ಯೋಗಾನುಭವದ ಪಾತ್ರ

ಕಾನೂನು ಪದವಿ ಪ್ರವೇಶಕ್ಕೆ ಅರ್ಜಿ ಸಲ್ಲಿಸುವ ಅನೇಕ ಅಭ್ಯರ್ಥಿಗಳು ಅಂಕಪಟ್ಟಿಗಳೊಡನೆ ಚರ್ಚಾಸ್ಪರ್ಧೆಯ ಬಹುಮಾನ ಪತ್ರ, ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದ ಪ್ರಮಾಣಪತ್ರ, ವಕೀಲರ ಕಚೇರಿಯಲ್ಲಿ ಕೆಲಸ ಮಾಡಿದ ಬಗ್ಗೆ ಅನುಭವ ಪತ್ರ ಮುಂತಾದವುಗಳನ್ನು ಲಗತ್ತಿಸುವುದು ಕಂಡುಬರುತ್ತದೆ. ಇವುಗಳಿಂದ ಪ್ರವೇಶದಲ್ಲಿ ಆದ್ಯತೆ ದೊರೆಯುವುದೆಂಬ ನಂಬಿಕೆಯಿಂದ ಕೆಲವರು ಹಣ ತೆತ್ತು ಪ್ರಮಾಣಪತ್ರಗಳನ್ನು ಸಂಗ್ರಹಿಸುವುದೂ ಉಂಟು. ಈ ನಂಬಿಕೆಯು ಒಂದು ದೇಶದ ಪದ್ಧತಿಗೆ ಸಲ್ಲುವಂತಹುದು. ಇನ್ನೊಂದು ದೇಶದ ಪದ್ಧತಿಗೆ ಸಲ್ಲದು. ಭಾರತದಲ್ಲಿ ಹಾಗೂ ಭಾರತೀಯ ವಿದ್ಯಾರ್ಥಿಗಳು ಅರ್ಜಿ ಸಲ್ಲಿಸುವ ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ ಇವುಗಳಿಗೆ ಎಷ್ಟು ಬೆಲೆ ಇದೆ ಎಂಬುದನ್ನು ಅಭ್ಯರ್ಥಿಗಳ ಹಾಗೂ ಪೋಷಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ರಾಜ್ಯದ ಕಾನೂನು ಕಾಲೇಜುಗಳು

2009ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳಲ್ಲಿ ಪಿ.ಯು.ಸಿ. ನಂತರದ ಐದು ವರ್ಷಗಳ ಹಾಗೂ ಪದವಿಯ ನಂತರದ ಮೂರು ವರ್ಷಗಳ ಕೋರ್ಸುಗಳಿಗೆ ಪ್ರವೇಶ ನೀಡಲಾಗುತ್ತದೆ. ಪ್ರವೇಶಕ್ಕೆ ಅರ್ಹತಾ ಪರೀಕ್ಷೆಯಲ್ಲಿ ಗಳಿಸಿದ ಅಂಕಗಳು ಮತ್ತು ಮೀಸಲಾತಿ ನಿಯಮಗಳೇ ಆಧಾರ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಅರ್ಹತಾ ಪರೀಕ್ಷೆಯಲ್ಲಿ ಸಾಮಾನ್ಯ ವರ್ಗದವರು ಶೇ. 45, ಇತರೆ ಹಿಂದುಳಿದ ವರ್ಗದವರು ಶೇ. 42 ಹಾಗೂ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಶೇ. 40 ಅಂಕಗಳನ್ನು ಪಡೆದಿರತಕ್ಕದ್ದು. ಈ ಕನಿಷ್ಠ ಮಿತಿಯನ್ನು ತಲುಪದ ಅಭ್ಯರ್ಥಿಗೆ ಯಾವ ಅನುಭವವೂ ನೆರವಿಗೆ ಬರುವುದಿಲ್ಲ.

ಉದಾಹರಣೆಗೆ, ತಾಲ್ಲೂಕು ಕೇಂದ್ರವೊಂದರಲ್ಲಿ ವಕೀಲರ ಬಳಿ ಹತ್ತು ವರ್ಷ ಗುಮಾಸ್ತರಾಗಿ ದುಡಿದ ವ್ಯಕ್ತಿಯೊಬ್ಬರು ಮೂರು ವರ್ಷಗಳ ಎಲ್.ಎಲ್.ಬಿ.ಗೆ ಅರ್ಜಿ ಸಲ್ಲಿಸುತ್ತಾರೆಂದು ಭಾವಿಸೋಣ. ವಕಾಲತ್ತು, ವಾದಪತ್ರ, ಪ್ರಮಾಣಿತ ಪ್ರತಿಯ ಅರ್ಜಿ ಇವೆಲ್ಲವೂ ಅವರಿಗೆ ಕರತಲಾಮಲಕ. ಆದರೆ ಪದವಿಯಲ್ಲಿ ಅವರಿಗಿಂತ ಅರ್ಧ ಅಂಕ ಹೆಚ್ಚು ಪಡೆದ, ನ್ಯಾಯಾಲಯದ ಮೆಟ್ಟಿಲನ್ನೇ ಹತ್ತದ ಅಭ್ಯರ್ಥಿಯು ಅರ್ಹತಾ ಪಟ್ಟಿಯಲ್ಲಿ ಅವರಿಗಿಂತ ಮುಂದಿರುತ್ತಾರೆ. ಇದು ನ್ಯಾಯವೇ ಎಂಬ ಪ್ರಶ್ನೆ ಸಹಜವಾದುದೇ. ಆದರೆ ಸಾವಿರಾರು ಅನುಭವ ಪತ್ರಗಳ ಸತ್ಯಾಸತ್ಯತೆಯನ್ನು ತೂಗಿ ನೋಡುವುದು ಪ್ರವೇಶ ಪ್ರಾಧಿಕಾರಕ್ಕೆ ದುಸ್ಸಾಧ್ಯ. ಅಂಕಗಳಾದರೆ ಯಾರು ಬೇಕಾದರೂ ಪರಿಶೀಲಿಸಬಹುದಾದವು. ಪ್ರಭಾವಿಗಳಿಂದ ಸುಲಭವಾಗಿ ಪತ್ರ ಪಡೆಯಬಲ್ಲವರಿಗೆ ಅನುಚಿತ ಲಾಭವಾಗದಿರಲು ಈ ಪದ್ಧತಿಯು ತಕ್ಕಮಟ್ಟಿಗೆ ರಕ್ಷಣೆಯೂ ಆಗಿದೆ.

ಕ್ರೀಡೆ, ಎನ್.ಸಿ.ಸಿ., ಸೈನಿಕರ ಮಕ್ಕಳು ಮುಂತಾದ ವಿಶೇಷ ಪ್ರವರ್ಗಗಳನ್ನು ಪ್ರವೇಶ ಅಧಿಸೂಚನೆಯಲ್ಲಿ ನಮೂದಿಸಿದ್ದಲ್ಲಿ ಮಾತ್ರ ಆ ಪ್ರಮಾಣಪತ್ರಗಳಿಗೆ ಬೆಲೆ ಬರುತ್ತದೆ. ಅದು ಕೂಡ ಮೀಸಲಿಟ್ಟ ಸ್ಥಾನಕ್ಕೆ ಸಂಬಂಧಿಸಿದ ಹಕ್ಕೇ ಹೊರತು ಅಂಕಗಳಿಗೆ ಸೇರಿಸುವ ಹೆಚ್ಚುವರಿಯಲ್ಲ. ಅಧಿಸೂಚನೆಯಲ್ಲಿ ಹೇಳಿದ ನಮೂನೆಯಲ್ಲಿ, ಹೇಳಿದ ಪ್ರಾಧಿಕಾರದ ಸಹಿಯೊಂದಿಗೆ ಇಲ್ಲದ ಪತ್ರವು ಪರಿಗಣನೆಗೆ ಬರುವುದಿಲ್ಲ.

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು

ಬೆಂಗಳೂರಿನ ಭಾರತೀಯ ವಿಶ್ವವಿದ್ಯಾಲಯ ರಾಷ್ಟ್ರೀಯ ಕಾನೂನು ಶಾಲೆ ಸೇರಿದಂತೆ ಬಹುತೇಕ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಐದು ವರ್ಷಗಳ ಕೋರ್ಸಿಗೆ ಪ್ರವೇಶವು 2008ರಲ್ಲಿ ಆರಂಭವಾದ ಸಾಮಾನ್ಯ ಕಾನೂನು ಪ್ರವೇಶ ಪರೀಕ್ಷೆಯ (ಕ್ಲ್ಯಾಟ್) ಮೂಲಕ ನಡೆಯುತ್ತದೆ. ಎರಡು ಗಂಟೆಗಳ ಅವಧಿಯಲ್ಲಿ 120 ಪ್ರಶ್ನೆಗಳು. ಪ್ರತಿ ತಪ್ಪು ಉತ್ತರಕ್ಕೆ ಕಾಲು ಅಂಕದ ಕಡಿತ. ಸಂದರ್ಶನವಾಗಲೀ, ಪ್ರಬಂಧವಾಗಲೀ, ಚಟುವಟಿಕೆಗಳ ಪಟ್ಟಿಯಾಗಲೀ ಇಲ್ಲ. ರಾಷ್ಟ್ರಮಟ್ಟದ ಚರ್ಚಾಪಟುವಿಗೂ, ವೇದಿಕೆ ಏರಲು ಅಂಜುವ ವಿದ್ಯಾರ್ಥಿಗೂ ಒಂದೇ ಅಳತೆಗೋಲು.

ಪಠ್ಯೇತರ ಚಟುವಟಿಕೆಗಳಿಂದ ಇಲ್ಲಿ ದೊರೆಯುವ ಲಾಭವು ಪರೋಕ್ಷವಾದುದು. 2020ರಿಂದ ಪ್ರಶ್ನೆಗಳು ದೀರ್ಘ ಗದ್ಯಭಾಗಗಳನ್ನು ಆಧರಿಸಿರುತ್ತವೆ. ಗದ್ಯವನ್ನು ವೇಗವಾಗಿ ಓದಿ, ನಿಯಮವನ್ನು ಗುರುತಿಸಿ, ಹೊಸ ಸಂಗತಿಗೆ ಅನ್ವಯಿಸುವ ಶಕ್ತಿಯನ್ನು ಪರೀಕ್ಷಿಸಲಾಗುತ್ತದೆ. ಚರ್ಚಾಸ್ಪರ್ಧೆಗಾಗಿ ಪತ್ರಿಕೆಗಳ ಸಂಪಾದಕೀಯಗಳನ್ನು ಓದಿ ಟಿಪ್ಪಣಿ ಮಾಡಿಕೊಂಡ ವಿದ್ಯಾರ್ಥಿಗೆ ಆ ಓದು ಇಲ್ಲಿ ಉಪಯುಕ್ತವಾಗುತ್ತದೆ. ಸ್ಪರ್ಧೆಯಲ್ಲಿ ದೊರೆತ ಫಲಕವಲ್ಲ.

ಬೆಂಗಳೂರಿನ ಇದೇ ಸಂಸ್ಥೆಯು 2022ರಲ್ಲಿ ಪದವೀಧರರಿಗಾಗಿ ಮೂರು ವರ್ಷಗಳ ಎಲ್.ಎಲ್.ಬಿ. (ಆನರ್ಸ್) ಕೋರ್ಸನ್ನು ಆರಂಭಿಸಿತು. ಇದಕ್ಕೆ ಸಂಸ್ಥೆಯದೇ ಆದ ಪ್ರತ್ಯೇಕ ಪ್ರವೇಶ ಪರೀಕ್ಷೆಯಿದ್ದು, ಅದರಲ್ಲಿ ವಿವರಣಾತ್ಮಕ ಉತ್ತರಗಳ ಭಾಗವೂ ಇದೆ. ಕೆಲವು ವರ್ಷ ಉದ್ಯೋಗ ಮಾಡಿ ಬಂದವರಿಗೆ ಬರವಣಿಗೆಯ ಪಕ್ವತೆ ಇಲ್ಲಿ ನೆರವಾಗಬಹುದು. ಆದರೆ ಉದ್ಯೋಗದ ವರ್ಷಗಳಿಗೆಂದೇ ಅಂಕ ನೀಡಲಾಗುವುದಿಲ್ಲ. ಸಂದರ್ಶನ ನಡೆಸುವ ಖಾಸಗಿ ವಿಶ್ವವಿದ್ಯಾಲಯಗಳಿಗೆ ಅರ್ಜಿ ಸಲ್ಲಿಸುವವರು ಆಯಾ ಸಂಸ್ಥೆಯ ವಿವರಣಾ ಪುಸ್ತಿಕೆಯಲ್ಲಿ ಸಂದರ್ಶನಕ್ಕೆ ಎಷ್ಟು ಅಂಕಗಳಿವೆ ಎಂಬುದನ್ನು ನೋಡಿಕೊಳ್ಳುವುದು ಸೂಕ್ತ.

ಉದ್ಯೋಗದಲ್ಲಿರುವವರು ವಿಶೇಷವಾಗಿ ಗಮನಿಸತಕ್ಕ ಅಂಶಗಳು

ಉದ್ಯೋಗವು ಪ್ರವೇಶಕ್ಕೆ ಅರ್ಹತೆಯಾಗುವುದಿಲ್ಲವೆಂಬುದು ಒಂದು ವಿಷಯ; ಕೆಲವೊಮ್ಮೆ ಅದೇ ತೊಡಕಾಗುವುದೆಂಬುದು ಮತ್ತೊಂದು. ಎರಡನೆಯದನ್ನು ಅನೇಕರು ಶುಲ್ಕ ಪಾವತಿಸಿದ ಮೇಲೆ ತಿಳಿಯುತ್ತಾರೆ. ಕಾನೂನು ಪದವಿಯು ಪೂರ್ಣಾವಧಿಯ ನಿಯತ ವ್ಯಾಸಂಗವಾಗಿದ್ದು, 2008ರ ನಿಯಮಗಳು ಪ್ರತಿ ವಿಷಯದಲ್ಲಿ ಶೇ. 70ರಷ್ಟು ಹಾಜರಾತಿಯನ್ನು ವಿಧಿಸಿವೆ. ಅಂಚೆ ಅಥವಾ ದೂರಶಿಕ್ಷಣದ ಮೂಲಕ ಪಡೆದ ಎಲ್.ಎಲ್.ಬಿ.ಯಿಂದ ವಕೀಲರಾಗಿ ನೋಂದಾಯಿಸಿಕೊಳ್ಳಲು ಅವಕಾಶವಿಲ್ಲ. ಭಾರತೀಯ ವಕೀಲರ ಪರಿಷತ್ತು 2024ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ, ವಿದ್ಯಾರ್ಥಿಗಳು ತಮ್ಮ ಉದ್ಯೋಗದ ವಿವರ, ಏಕಕಾಲದಲ್ಲಿ ಮಾಡುತ್ತಿರುವ ಇತರ ನಿಯತ ವ್ಯಾಸಂಗ ಹಾಗೂ ತಮ್ಮ ಮೇಲಿನ ಕ್ರಿಮಿನಲ್ ಪ್ರಕರಣಗಳಿದ್ದಲ್ಲಿ ಅವುಗಳನ್ನು ಘೋಷಿಸಬೇಕೆಂದು ಸೂಚಿಸಿತು. ಉದ್ಯೋಗದಲ್ಲಿರುವವರಿಂದ ಉದ್ಯೋಗದಾತರ ನಿರಾಕ್ಷೇಪಣಾ ಪತ್ರ ಪಡೆಯುವಂತೆಯೂ ಸಂಸ್ಥೆಗಳಿಗೆ ತಿಳಿಸಿತು. ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ ಕಚೇರಿಯ ಹಾಜರಾತಿ ಪುಸ್ತಕದಲ್ಲಿ ಸಹಿ ಇರುವ ವ್ಯಕ್ತಿಯ ಹೆಸರು ಅದೇ ವೇಳೆಯ ತರಗತಿಯ ಹಾಜರಾತಿಯಲ್ಲೂ ಇದ್ದರೆ, ಆ ಎರಡರಲ್ಲಿ ಒಂದು ಸುಳ್ಳೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಾಗುವುದಿಲ್ಲ. ಸರ್ಕಾರಿ ನೌಕರರು ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಪಡೆದೇ ಅರ್ಜಿ ಸಲ್ಲಿಸುವುದು ಕ್ಷೇಮ.

ತಡವಾಗಿ ಓದಲು ಬಯಸುವವರ ಮತ್ತೊಂದು ಆತಂಕ ವಯೋಮಿತಿಯದು. 2008ರ ನಿಯಮಗಳಲ್ಲಿ ಐದು ವರ್ಷಗಳ ಕೋರ್ಸಿಗೆ 20 ವರ್ಷ, ಮೂರು ವರ್ಷಗಳ ಕೋರ್ಸಿಗೆ 30 ವರ್ಷಗಳ ಗರಿಷ್ಠ ಮಿತಿಯನ್ನು ಸಾಮಾನ್ಯ ವರ್ಗಕ್ಕೆ ಗೊತ್ತುಪಡಿಸಲಾಗಿತ್ತು. ಈ ಮಿತಿಯನ್ನು ಮರಳಿ ಜಾರಿಗೆ ತಂದ 2016ರ ಸುತ್ತೋಲೆಗೆ ಸರ್ವೋಚ್ಚ ನ್ಯಾಯಾಲಯವು 2017ರ ಮಾರ್ಚ್‌ನಲ್ಲಿ ತಡೆ ನೀಡಿತು. ಕ್ಲ್ಯಾಟ್ ಪರೀಕ್ಷೆಗೂ ಗರಿಷ್ಠ ವಯೋಮಿತಿ ಇಲ್ಲ. ವಯೋಮಿತಿಗಿಂತ ಹೆಚ್ಚು ಜನರಿಗೆ ಅಡ್ಡಿಯಾಗುವುದು ಮೂಲ ವಿದ್ಯಾರ್ಹತೆ. ಎಸ್.ಎಸ್.ಎಲ್.ಸಿ. ಹಾಗೂ ಪಿ.ಯು.ಸಿ. ಇಲ್ಲದೆ ಮುಕ್ತ ವಿಶ್ವವಿದ್ಯಾಲಯದಿಂದ ನೇರವಾಗಿ ಪದವಿ ಪಡೆದವರು ಕಾನೂನು ಪದವಿಗೆ ಅರ್ಹರಲ್ಲವೆಂದು ನಿಯಮಗಳು ಸ್ಪಷ್ಟಪಡಿಸಿವೆ. ಪಿ.ಯು.ಸಿ.ಯನ್ನು ಕ್ರಮವಾಗಿ ಮುಗಿಸಿ, ಅನಂತರ ದೂರಶಿಕ್ಷಣದಲ್ಲಿ ಪದವಿ ಪಡೆದವರಿಗೆ ಈ ಅಡ್ಡಿ ಇಲ್ಲ.

ಅಮೆರಿಕದಲ್ಲಿ ಪದ್ಧತಿ ಬೇರೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಯಾವುದೇ ವಿಷಯದ ಪದವಿಯ ನಂತರ ಮೂರು ವರ್ಷಗಳ ಜೆ.ಡಿ. ಪದವಿಗೆ ಅರ್ಜಿ ಸಲ್ಲಿಸಲಾಗುತ್ತದೆ. ಅರ್ಜಿಯಲ್ಲಿ ಪ್ರವೇಶ ಪರೀಕ್ಷೆಯ ಅಂಕ, ಪದವಿಯ ಅಂಕಪಟ್ಟಿ, ಒಂದೆರಡು ಪುಟಗಳ ಸ್ವವಿವರ, ಸ್ವನಿವೇದನೆಯ ಪ್ರಬಂಧ ಮತ್ತು ಶಿಫಾರಸು ಪತ್ರಗಳು ಇರುತ್ತವೆ. ಹೀಗಾಗಿ ಪಠ್ಯೇತರ ಚಟುವಟಿಕೆಗೂ ಉದ್ಯೋಗಾನುಭವಕ್ಕೂ ಅಲ್ಲಿ ನಿಜವಾದ ಸ್ಥಾನವಿದೆ. ಆದರೆ ಆ ಸ್ಥಾನವು ಮೊದಲನೆಯದಲ್ಲ.

ಮೊದಲ ಸ್ಥಾನ ಎಲ್.ಎಸ್.ಎ.ಟಿ. ಪರೀಕ್ಷೆಯ ಅಂಕಕ್ಕೆ ಹಾಗೂ ಪದವಿಯ ಸಾಧನೆಗೆ. ಎಲ್.ಎಸ್.ಎ.ಟಿ. ಅಂಕವು 120ರಿಂದ 180ರ ನಡುವೆ ಇರುತ್ತದೆ. ಅಮೆರಿಕನ್ ಬಾರ್ ಅಸೋಸಿಯೇಷನ್ ಮಾನ್ಯತೆ ಪಡೆದ ಪ್ರತಿಯೊಂದು ಕಾನೂನು ಶಾಲೆಯೂ ತಾನು ಸೇರಿಸಿಕೊಂಡ ವಿದ್ಯಾರ್ಥಿಗಳ ಪರೀಕ್ಷಾ ಅಂಕ ಮತ್ತು ಪದವಿ ಅಂಕಗಳ ಮಧ್ಯಾಂಕವನ್ನು ಪ್ರತಿವರ್ಷ ಬಹಿರಂಗಪಡಿಸತಕ್ಕದ್ದು. ಶಾಲೆಗಳ ಶ್ರೇಯಾಂಕ ಪಟ್ಟಿಗಳಲ್ಲೂ ಈ ಅಂಕಿಗಳು ಲೆಕ್ಕಕ್ಕೆ ಬರುತ್ತವೆ. ಅಭ್ಯರ್ಥಿಯ ಸಮಾಜಸೇವೆಯಾದರೋ ಯಾವ ಕೋಷ್ಟಕದಲ್ಲೂ ಕಾಣುವುದಿಲ್ಲ. ಶಾಲೆಗಳು ಅಂಕಗಳಿಗೆ ಅಷ್ಟೊಂದು ಮಹತ್ವ ನೀಡಲು ಇದು ಒಂದು ಮುಖ್ಯ ಕಾರಣ. ಭಾರತದಲ್ಲಿ ಪಡೆದ ಪದವಿಯ ಅಂಕಗಳನ್ನು ಅಲ್ಲಿನ ಅಳತೆಗೆ ಪರಿವರ್ತಿಸದೆ, ಉತ್ಕೃಷ್ಟ, ಸರಾಸರಿಗಿಂತ ಮೇಲು, ಸರಾಸರಿ ಎಂಬಂತಹ ಶ್ರೇಣಿಗಳಲ್ಲಿ ಮೌಲ್ಯಮಾಪನ ಮಾಡುವುದು ರೂಢಿ. ಆದುದರಿಂದ ಭಾರತೀಯ ಅಭ್ಯರ್ಥಿಯ ವಿಷಯದಲ್ಲಿ ಪರೀಕ್ಷಾ ಅಂಕದ ತೂಕ ಇನ್ನೂ ಹೆಚ್ಚುತ್ತದೆ. ಪರೀಕ್ಷೆಯ ಸಿದ್ಧತೆಗೆ ಮೀಸಲಿಡಬೇಕಾದ ಆರು ತಿಂಗಳನ್ನು ಹೊಸದಾಗಿ ಸಂಘ-ಸಂಸ್ಥೆಗಳ ಸದಸ್ಯತ್ವ ಪಡೆಯುವುದರಲ್ಲಿ ಕಳೆಯುವುದು ಲಾಭದಾಯಕವಲ್ಲ.

ಹಾಗಾದರೆ ಅನುಭವದ ಉಪಯೋಗವೇನು? ಪ್ರತಿಷ್ಠಿತ ಶಾಲೆಗಳಿಗೆ ಸಮಾನ ಅಂಕಗಳ ಅರ್ಜಿಗಳು ನೂರಾರು ಸಂಖ್ಯೆಯಲ್ಲಿ ಬರುತ್ತವೆ. ಅವುಗಳಲ್ಲಿ ಯಾರನ್ನು ಆರಿಸಬೇಕೆಂಬ ಹಂತದಲ್ಲಿ ಉಳಿದ ಕಾಗದಪತ್ರಗಳನ್ನು ಓದಲಾಗುತ್ತದೆ. ಈ ಹಂತದಲ್ಲಿ ಪದವಿಯ ನಂತರದ ಪೂರ್ಣಾವಧಿ ಉದ್ಯೋಗಕ್ಕೆ ಕಾಲೇಜಿನ ಚಟುವಟಿಕೆಗಳಿಗಿಂತ ಸಾಮಾನ್ಯವಾಗಿ ಹೆಚ್ಚು ಬೆಲೆ. ಹಾರ್ವರ್ಡ್‌ನಂತಹ ಶಾಲೆಗಳಲ್ಲಿ ಪದವಿ ಮುಗಿಸಿ ಕನಿಷ್ಠ ಒಂದು ವರ್ಷವಾದರೂ ಹೊರಗೆ ಕಳೆದು ಬಂದವರೇ ಬಹುಸಂಖ್ಯಾತರು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಕಾನೂನು ಶಾಲೆಯು ಉದ್ಯೋಗಾನುಭವಕ್ಕೆ ಪ್ರಾಶಸ್ತ್ಯ ನೀಡುವುದಕ್ಕೆ ಬಹುಕಾಲದಿಂದ ಹೆಸರಾಗಿದೆ. ಉದ್ಯೋಗವು ಕಾನೂನಿಗೆ ಸಂಬಂಧಿಸಿರಬೇಕೆಂಬ ನಿಯಮವಿಲ್ಲ. ಬ್ಯಾಂಕಿನ ಶಾಖೆಯಲ್ಲಿ ಸಾಲದ ಕಡತ ನೋಡಿಕೊಂಡವರು, ಪ್ರೌಢಶಾಲೆಯಲ್ಲಿ ಪಾಠ ಹೇಳಿದವರು, ತಂತ್ರಾಂಶ ಸಂಸ್ಥೆಯಲ್ಲಿ ದುಡಿದವರು ಎಲ್ಲರೂ ಹೊಣೆ ಹೊತ್ತದ್ದನ್ನು ಹಾಗೂ ಅದರಿಂದ ಕಲಿತದ್ದನ್ನು ಸ್ಪಷ್ಟವಾಗಿ ಬರೆಯಬಲ್ಲರಾದರೆ ಅದು ಸಾಕು.

ಮನೆಯ ಪರಿಸ್ಥಿತಿಯಿಂದಾಗಿ ಯಾವ ಸಂಘದಲ್ಲೂ ಪಾಲ್ಗೊಳ್ಳಲಾಗದವರು ತಮ್ಮ ಅರ್ಜಿ ಬಡವಾಯಿತೆಂದು ಸಂಕೋಚಪಡುವುದುಂಟು. ಓದುವಾಗಲೇ ತಂದೆಯ ಅಂಗಡಿಯ ಲೆಕ್ಕ ಬರೆದದ್ದು, ರಜೆಯಲ್ಲಿ ಅಡಿಕೆ ಸುಲಿಯುವ ಕೆಲಸಕ್ಕೆ ಹೋದದ್ದು, ಕಾಯಿಲೆಯ ಅಜ್ಜಿಯನ್ನು ನೋಡಿಕೊಂಡದ್ದು ಇವು ಕೂಡ ಸ್ವವಿವರದಲ್ಲಿ ವಾರಕ್ಕೆ ಎಷ್ಟು ಗಂಟೆ ಎಂಬ ವಿವರದೊಂದಿಗೆ ಬರೆಯತಕ್ಕ ಸಂಗತಿಗಳೇ. ಹತ್ತು ಸಂಘಗಳ ಹೆಸರಿಗಿಂತ ಮೂರು ವರ್ಷ ಒಂದೇ ಕೆಲಸವನ್ನು ಬಿಡದೆ ಮಾಡಿದ ದಾಖಲೆಯು ಓದುವವರ ಮೇಲೆ ಹೆಚ್ಚು ಪರಿಣಾಮ ಬೀರುತ್ತದೆ.

ಇಲ್ಲದ ಅನುಭವವನ್ನು ಬರೆಯುವುದರ ಪರಿಣಾಮ ಪ್ರವೇಶದೊಂದಿಗೆ ಮುಗಿಯುವುದಿಲ್ಲ. ಅಮೆರಿಕದಲ್ಲಿ ವಕೀಲರಾಗಿ ನೋಂದಾಯಿಸಿಕೊಳ್ಳುವಾಗ ಶೀಲ ಮತ್ತು ಯೋಗ್ಯತೆಯ ಪ್ರತ್ಯೇಕ ವಿಚಾರಣೆ ನಡೆಯುತ್ತದೆ. ಕಾನೂನು ಶಾಲೆಗೆ ಸಲ್ಲಿಸಿದ ಅರ್ಜಿಯಲ್ಲಿನ ಹೇಳಿಕೆಗಳನ್ನು ಆಗ ತಾಳೆ ನೋಡಬಹುದಾಗಿದೆ. ಎಂದೋ ಬರೆದ ಸುಳ್ಳು ಸಾಲೊಂದು ಲಕ್ಷಾಂತರ ರೂಪಾಯಿ ಸಾಲ ಮಾಡಿ ಪಡೆದ ಪದವಿಯನ್ನು ನಿಷ್ಪ್ರಯೋಜಕವಾಗಿಸಬಲ್ಲದು.

ಭಾರತದಲ್ಲಿ ಎಲ್.ಎಲ್.ಬಿ. ಮುಗಿಸಿದವರು ಹೆಚ್ಚಾಗಿ ಅರ್ಜಿ ಸಲ್ಲಿಸುವುದು ಒಂದು ವರ್ಷದ ಎಲ್.ಎಲ್.ಎಂ.ಗೆ. ಇದಕ್ಕೆ ಸಾಮಾನ್ಯವಾಗಿ ಎಲ್.ಎಸ್.ಎ.ಟಿ. ಬೇಡ. ಪ್ರವೇಶ ಪರೀಕ್ಷೆ ಇಲ್ಲದ ಕಾರಣ ವಕೀಲಿ ವೃತ್ತಿಯ ಅನುಭವ, ಪ್ರಕಟಿತ ಲೇಖನ, ಅಣಕು ನ್ಯಾಯಾಲಯ ಸ್ಪರ್ಧೆಗಳ ಸಾಧನೆ ಮತ್ತು ಶಿಫಾರಸು ಪತ್ರಗಳ ತೂಕ ಸಹಜವಾಗಿಯೇ ಹೆಚ್ಚು.

ಬ್ರಿಟನ್

ಬ್ರಿಟನ್ನಿನಲ್ಲಿ ಪಿ.ಯು.ಸಿ. ಮಟ್ಟದ ಶಿಕ್ಷಣದ ನಂತರವೇ ಕಾನೂನು ಪದವಿಗೆ ಸೇರಬಹುದು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮುಂತಾದ ವಿಶ್ವವಿದ್ಯಾಲಯಗಳು ಎಲ್.ಎನ್.ಎ.ಟಿ. ಪರೀಕ್ಷೆಯನ್ನು ಬಳಸುತ್ತವೆ, ಅದರಲ್ಲಿ 42 ಆಯ್ಕೆ ಪ್ರಶ್ನೆಗಳೂ ಒಂದು ಪ್ರಬಂಧವೂ ಇರುತ್ತವೆ. ಸ್ವನಿವೇದನೆಯಲ್ಲಿ ಕ್ರಿಕೆಟ್ ತಂಡದ ನಾಯಕತ್ವಕ್ಕಿಂತ ಅಭ್ಯರ್ಥಿಯು ಕಾನೂನಿನ ಬಗ್ಗೆ ಸ್ವತಃ ಓದಿದ್ದೇನು, ನ್ಯಾಯಾಲಯದ ಕಲಾಪ ನೋಡಿ ಯೋಚಿಸಿದ್ದೇನು ಎಂಬುದಕ್ಕೆ ಇಂತಹ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚು ಗಮನ ಸಲ್ಲುತ್ತದೆ.

ದಾಖಲೆಗಳ ಬಗ್ಗೆ

ವಿದೇಶಕ್ಕೆ ಅರ್ಜಿ ಸಲ್ಲಿಸುವವರು ಸೇವಾ ಪ್ರಮಾಣಪತ್ರವನ್ನು ಉದ್ಯೋಗ ಬಿಡುವ ಮುನ್ನವೇ ಪಡೆದುಕೊಳ್ಳತಕ್ಕದ್ದು. ಅದರಲ್ಲಿ ಸೇರಿದ ದಿನಾಂಕ, ಬಿಟ್ಟ ದಿನಾಂಕ ಹಾಗೂ ನಿರ್ವಹಿಸಿದ ಕೆಲಸದ ಸ್ವರೂಪ ಇರಬೇಕು. ಶಿಫಾರಸು ಪತ್ರವನ್ನು ಹುದ್ದೆಯಲ್ಲಿ ದೊಡ್ಡವರೆಂಬ ಕಾರಣಕ್ಕೆ ಪರಿಚಯವಿಲ್ಲದವರಿಂದ ಪಡೆಯುವುದಕ್ಕಿಂತ ಅಭ್ಯರ್ಥಿಯ ಕೆಲಸವನ್ನು ದಿನನಿತ್ಯ ಕಂಡ ಅಧ್ಯಾಪಕರಿಂದ ಅಥವಾ ಮೇಲಧಿಕಾರಿಯಿಂದ ಪಡೆಯುವುದು ಮೇಲು.

ವಿದೇಶೀ ಪದವಿಯೊಂದಿಗೆ ಮರಳಿ ಇಲ್ಲಿ ವಕೀಲಿ ವೃತ್ತಿ ನಡೆಸುವ ಉದ್ದೇಶವಿದ್ದಲ್ಲಿ, ಆ ಪದವಿಯು ಭಾರತೀಯ ವಕೀಲರ ಪರಿಷತ್ತಿನ ಮಾನ್ಯತೆ ಪಡೆದಿದೆಯೇ ಎಂಬುದನ್ನು ಪ್ರವೇಶಕ್ಕೆ ಮುನ್ನವೇ ಖಚಿತಪಡಿಸಿಕೊಳ್ಳಬೇಕು. ಮಾನ್ಯತೆ ಇದ್ದರೂ ಪರಿಷತ್ತು ನಡೆಸುವ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದ ನಂತರವೇ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿಗೆ ಅರ್ಜಿ ಸಲ್ಲಿಸಬಹುದಾಗಿದೆ.